ಕಲಾಯಿ ಹೋದ ಕೊಳಗ

ನಮ್ಮ ಚಾಮರಾಜನಗರ ಜಿಲ್ಲೆಯ ಮದ್ದೂರಿನ ಕಾಡಂಚಿನಲ್ಲಿ ಶಿವರುದ್ರಸ್ವಾಮಿ ಟೆಂಟು ಹಾಕಿ, ಬೆಂಗಳೂರು ಮೈಸೂರಿನ ಜನರಿಗೆ ಹಳೇ ಕಸುಬು ಕಲಿಸುವ ಕ್ಯಾಂಪು ಶುರು ಮಾಡಿದ್ದು ಎರಡು ಸಾವಿರದ ಆರರಲ್ಲಿ. ಪಾತ್ರೆಗೆ ಕಲಾಯಿ ಹಾಕುವವರು ಬೇಕಂತೆ! ಕೇಳಿ ಮೈಯೆಲ್ಲ ಉರಿಯಿತು. ಚಾಮರಾಜನಗರದಲ್ಲಿ ಕಲಾಯಿಯವರ ಮನೆಯ ಒಲೆ ಆರಿಸಿದವನೇ ಇವನು. ಆ ಮನೆ ನಮ್ಮದು. ಹೋಗಿ, ಮೆಹರುನ್ನಿಸಾ ಅಂತ ಹೆಸರು ಹೇಳಿ ಕೆಲಸ ಹಿಡಿದೆ. ಯಾರ ಮಗಳು ಅಂತ ಅವನು ಕೇಳಲಿಲ್ಲ.

ನಾನು ಚಿಕ್ಕವಳಿದ್ದಾಗ, ಉಡಿಗಾಲದ ಅವನ ಮನೆಯ ಗೃಹಪ್ರವೇಶಕ್ಕೆ ನಮ್ಮ ಅಬ್ಬಾ ಹಿತ್ತಾಳೆ ಕೊಳಗಗಳಿಗೆ ಕಲಾಯಿ ಹಾಕಿಕೊಟ್ಟಿದ್ದರು. ಕೆಂಡಕ್ಕೆ ಗಾಳಿ ಊದುವ ತಿದಿ ಒತ್ತಿದವಳು ನಾನು. ಕಲಾಯಿ ಅಂದರೆ ಒಳಮೈಗೆ ತವರದ ತೆಳು ಲೇಪ. ಅದು ಹೋದರೆ ಹುಳಿ ಹಿತ್ತಾಳೆಗೆ ತಾಗಿ ಕಿಲುಬು ಏಳುತ್ತದೆ. ಆ ಮನೆಯವರು ಕೊಳಗ ಹೊಳೆಯಲಿ ಅಂತ ಒಳಗೂ ಇಟ್ಟಿಗೆ ಪುಡಿ, ಹುಣಸೆಹಣ್ಣು ಹಾಕಿ ತಿಕ್ಕಿ, ಮಜ್ಜಿಗೆ ತುಂಬಿಟ್ಟರು. ಉಂಡವರೆಲ್ಲ ವಾಂತಿ ಮಾಡಿಕೊಂಡರು.

"ಒಳಗಡೆ ಉಜ್ಜಿಬುಟ್ಟವ್ರೆ ಬುದ್ಧೀ," ಎಂದ ಅಬ್ಬಾರ ಕೆನ್ನೆಗೆ ಊರೆದುರು ಬಾರಿಸಿದವನು ಇದೇ ಶಿವರುದ್ರಸ್ವಾಮಿ. "ತವರಕ್ಕೆ ಸೀಸ ಬೆರಸವ್ನೆ, ಕಳ್ಳ!" ಎಂದ. ಆ ಮಾತು ಊರೂರು ಸುತ್ತಿತು. ಆಮೇಲೆ ಅಬ್ಬಾರ ಕೈಗೆ ಯಾರೂ ಒಂದು ಚೊಂಬೂ ಕೊಡಲಿಲ್ಲ.

ಕ್ಯಾಂಪಿನಲ್ಲಿ ಬಂದವರಿಗೆ ತೋರಿಸುತ್ತ ದೊಡ್ಡ ಕೊಳಗವೊಂದಕ್ಕೆ ಕಲಾಯಿ ಹಾಕಿದೆ. ಮಾರನೆಯ ಬೆಳಿಗ್ಗೆ ಸ್ವಾಮಿ ಅಡುಗೆಯ ಮುದ್ದಯ್ಯನಿಗೆ, "ಫೋಟೋ ತೆಗೀತಾರೆ ಕಣ್ಲಾ, ಕೊಳಗ ಪಳಪಳ ಅನ್ಬೇಕು," ಎಂದು ಹೇಳಿ ಹೋದ. ಮುದ್ದಯ್ಯ ಇಟ್ಟಿಗೆ ಪುಡಿ ಹಿಡಿದು ಒಳಗೂ ಉಜ್ಜತೊಡಗಿದ. ಬೇಡ ಅನ್ನಲು ಬಾಯಿ ತೆರೆದವಳು ಮುಚ್ಚಿಕೊಂಡೆ. ಉಜ್ಜಲಿ, ಚೆನ್ನಾಗಿ ಉಜ್ಜಲಿ! ತವರ ಹೋಗಿ ಹಳದಿ ಕಂಡಿತು. ಅವನು ಅದಕ್ಕೇ ಹುಳಿಮಜ್ಜಿಗೆ ಸುರಿದ.

ಮಧ್ಯಾಹ್ನ ಎಲ್ಲರೂ ಊಟಕ್ಕೆ ಕೂತರು. ಆ ಜನರ ಮೇಲೆ ನನಗೇನು ಹಗೆ? ಬಡಿಸುವ ಮೊದಲೇ ನಾನೇ ಒಂದು ಲೋಟ ತುಂಬಿ ಸ್ವಾಮಿಯ ಮುಂದೆ ಹಿಡಿದೆ.

"ಮೊದ್ಲು ಯಜಮಾನ್ರು ಕುಡೀಲಿ."

ಲೋಟ ಮೂಗಿನ ಹತ್ತಿರ ಬಂದದ್ದೇ ಅವನು ಮುಖ ಕಿವುಚಿದ. ಎದ್ದು ಕೊಳಗಕ್ಕೆ ಬಗ್ಗಿ ನೋಡಿದ. "ಲೋ ಮುದ್ದಯ್ಯ! ಕಲಾಯಿ ಕಿತ್ತೋಗಂಗೆ ಒಳಗಡೆನೂ ಉಜ್ಜಿದ್ದೀಯೇನ್ಲಾ?"

ಯಾ ಅಲ್ಲಾ! ಉಜ್ಜಿದರೆ ಕಲಾಯಿ ಹೋಗುತ್ತದೆ ಅಂತ ಗೊತ್ತಿತ್ತು ಇವನಿಗೆ.

"ಇದೇ ಮಾತ ಉಡಿಗಾಲದಲ್ಲಿ ಯಾಕೆ ಕೇಳ್ನಿಲ್ಲ ಸ್ವಾಮ್ಯೋರೇ? ನಾನು ಕಲಾಯಿ ಅಬ್ದುಲ್ ರಹೀಮರ ಮಗಳು. ಆವತ್ತು ತಪ್ಪು ಯಾರ್ದು ಅಂತ ಹೇಳಿ. ಇಲ್ಲಾಂದ್ರೆ ಈ ಲೋಟ ಖಾಲಿ ಮಾಡಿ."

"ಮೆತ್ತಗೆ ಮಾತಾಡು ಕಣಮ್ಮಿ, ಜನ ಅವ್ರೆ," ಎಂದು ಪಿಸುಗುಟ್ಟಿದ.

"ಆವತ್ತೂ ಜನ ಇದ್ರು."

ಊಟಕ್ಕೆ ಕೂತವರೆಲ್ಲ ಅವನನ್ನೇ ನೋಡುತ್ತಿದ್ದರು. "ರಹೀಂ ಸಾಬ್ರದ್ದು ತಪ್ಪಿಲ್ಲ," ಎಂದು ಗೊಣಗಿದ.

"ಜೋರಾಗಿ."

"ರಹೀಂ ಸಾಬ್ರದ್ದು ತಪ್ಪಿಲ್ಲ! ನಮ್ಮನೆಯೋರೇ ಉಜ್ಜಿದ್ದು. ನಂಗೂ ಗೊತ್ತಿತ್ತು."

ಕೊಳಗವನ್ನು ಅವನ ಕಾಲಬುಡದಲ್ಲೇ ಬೋರಲು ಹಾಕಿ, ಸಿಕ್ಕ ಬಸ್ಸು ಹತ್ತಿದೆ.

ಮನೆ ಸೇರಿ ಅಬ್ಬಾಗೆ ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಯಾರನ್ನೂ ಗದರಿದವರಲ್ಲ ಅವರು. ಕಣ್ಣೀರು ಹಾಕುತ್ತಾರೆ, ಹೋಗಲಿ ಬಿಡು ಅನ್ನುತ್ತಾರೆ ಅಂದುಕೊಂಡಿದ್ದೆ.

"ಕುಡಿದನೇ?" ಎಂದರು.

"ಇಲ್ಲ ಅಬ್ಬಾ. ಒಪ್ಪಿಕೊಂಡುಬಿಟ್ಟನಲ್ಲ."

"ಒಪ್ಪಿಕೊಂಡ ಮೇಲೂ ಕುಡಿಸಬೇಕಿತ್ತು," ಎಂದರು ಅಬ್ಬಾ.