ಗಾರೆ ಗಸಾಂತನ ಗೋಡೆ

ಕೇಪ್‌ಟೌನಿನ ಕ್ಲೇರ್‌ಮಾಂಟ್ ಬಡಾವಣೆಯಲ್ಲಿ ಗಾರೆ ಗಸಾಂತನ ಕೈಗುಣ ಹೊಗಳದವರಿರಲಿಲ್ಲ, ಅವನ ಹೆಂಡತಿ ಗಾವಾ ಒಬ್ಬಳನ್ನು ಬಿಟ್ಟು. ಅವರ ಮಲಗುವ ಕೋಣೆಯ ಗೋಡೆ ಹನ್ನೊಂದು ವರ್ಷ ನೀರು ಒಸರಿತು. ಗಾವಾ ಹನ್ನೊಂದು ವರ್ಷ ಕೆಮ್ಮಿದಳು. "ಊರಿಗೆ ಉಪಕಾರಿ, ಮನೆಗೆ ಮಾರಿ" ಎಂದು ಅವಳು ಬೈದಾಗಲೆಲ್ಲ ಗಸಾಂತ "ಬರೋ ವಾರ ಕಣೇ" ಎನ್ನುತ್ತಿದ್ದ. ಆ ವಾರ ಬರುವ ಮೊದಲೇ ಸರ್ಕಾರದ ಕಾಗದ ಬಂತು: ಈ ಬೀದಿ ಇನ್ನು ಬಿಳಿಯರದು, ಕಂದು ಬಣ್ಣದವರು ಜಾಗ ಖಾಲಿ ಮಾಡತಕ್ಕದ್ದು. ಗಂಡಹೆಂಡಿರು ದೂರದ ಹ್ಯಾನೋವರ್ ಪಾರ್ಕಿನ ಮರಳಿನಲ್ಲಿ ಸರ್ಕಾರ ಕಟ್ಟಿಸಿದ ಎರಡು ಕೋಣೆಯ ಗೂಡಿಗೆ ಬಂದು ಬಿದ್ದರು.

ಎರಡು ವರ್ಷದ ಮೇಲೆ ಮೇಸ್ತ್ರಿ ಅವನನ್ನು ಕೆಲಸಕ್ಕೆ ಕಳಿಸಿದ್ದು ಕ್ಲೇರ್‌ಮಾಂಟಿನ ಅದೇ ಹಳೆ ಮನೆಗೆ! ವಾಸಕ್ಕೆ ಆಗದ ಮೈಬಣ್ಣ ಗಾರೆ ಕೆಲಸಕ್ಕೆ ಧಾರಾಳವಾಗಿ ಆಗುತ್ತಿತ್ತು. ಹೊಸ ಒಡತಿ, ಒಬ್ಬ ಬಿಳಿ ಹೆಂಗಸು, ಗೋಡೆ ತೋರಿಸಿದಳು.

"ಯಾವ ಮುಠ್ಠಾಳ ಮಾಡಿದ್ದಪ್ಪಾ ಈ ಗಾರೇನ?"

ನಾನೇ ಎನ್ನಲು ಬಾಯಿ ತೆರೆದ. ಹಾಳು ಮರ್ಯಾದೆ ಅಡ್ಡ ಬಂತು. ಮನೆ ಕಳೆದುಕೊಂಡವನು ಅನ್ನಿಸಿಕೊಂಡರೂ ಸರಿ, ಗಾರೆ ಬಾರದವನು ಅನ್ನಿಸಿಕೊಳ್ಳಬಾರದು!

"ಯಾವನೋ ಕೈಲಾಗದ ಬಡ್ಡೀಮಗ, ಮೇಡಂ. ಅಂಥೋನಿಗೆ ಹೆಣ್ಣು ಕೊಟ್ಟೋರನ್ನ ಹಿಡಿದು ಬಾರಿಸ್ಬೇಕು."

ಅವಳು ನಕ್ಕಳು. ಅವನೂ ನಕ್ಕ. ಹಳೆ ಗಾರೆ ಕೆತ್ತಿ, ಡಾಂಬರು ಬಳಿದು, ಹೊಸ ಗಾರೆ ಮೆತ್ತಿ ಮೂರು ದಿನಕ್ಕೆ ಮುಗಿಸಿದ. ಮೆಚ್ಚಿದ ಒಡತಿ ತಗಡಿನ ಲೋಟದಲ್ಲಿ ಚಹಾ ಕೊಟ್ಟು ಹಿತ್ತಿಲಿಗೆ ಕಳಿಸಿದಳು. ತಾನೇ ಕಟ್ಟಿದ್ದ ಮೆಟ್ಟಿಲ ಮೇಲೆ ಅತಿಥಿಯ ಹಾಗೆ ಮುದುರಿ ಕೂತು ಕುಡಿದ.

ಗಾವಾಗೆ ಮಾತ್ರ ತಿಳಿಯಬಾರದು ಎಂದು ಬಸ್ಸಿನಲ್ಲಿ ದಾರಿಯುದ್ದಕ್ಕೂ ಆಣೆ ಹಾಕಿಕೊಂಡ. ತಿಳಿದರೆ ಅವಳಿಗೆ ಮುಖ ತೋರಿಸುವುದು ಹೇಗೆ? ಆದರೆ ಅವನ ಬಾಯಿಗೆ ಬೀಗ ಹಾಕಿದವರು ಹುಟ್ಟಿಲ್ಲ. ಊಟಕ್ಕೆ ಕೂತದ್ದೇ ತಡ, ಜಂಬ ಉಕ್ಕಿತು.

"ಎಂಥಾ ಗೋಡೆ ಮಾಡಿ ಬಂದೆ ಗೊತ್ತೇನೇ! ಇನ್ನು ನೂರು ವರ್ಷ ಒಂದು ಹನಿ ಒಸರಲ್ಲ."

"ಯಾರ ಮನೇದು?"

ಸುಳ್ಳು ಹೇಳಬಹುದಿತ್ತು. ಅದೂ ಅವನ ಕೈಲಾಗಲಿಲ್ಲ.

"ನಮ್ದೇ. ಮಲಗೋ ಕೋಣೇದು."

ಬಡಿಸುತ್ತಿದ್ದ ಗಾವಾಳ ಕೈ ನಿಂತಿತು. ಬೈಯುತ್ತಾಳೆಂದು ಕಾದ, ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು. ಅವಳು ಒಮ್ಮೆ ಕೆಮ್ಮಿ, ನೀರು ಕುಡಿದು, ಮೆಲ್ಲಗೆ ಕೇಳಿದಳು.

"ಎಷ್ಟು ದಿನ ಹಿಡೀತು?"

"ಮೂರು."

"ಮೂರೇ ದಿನದ ಕೆಲ್ಸಾನಾ ಅದು?"



"ನಮ್ಮನೆ ಅಲ್ವೇನೇ, ಎಲ್ಲಿಗೆ ಹೋಗುತ್ತೆ ಅಂದ್ಕೊಂಡಿದ್ದೆ" ಎಂದ ಗಸಾಂತ.