ಕಾಯುತ್ತ ನಿಂತ ಪೈಪು

ನಾನು ಬರೆದ ಪ್ರೋಗ್ರಾಂನಲ್ಲಿ ತಪ್ಪಿದೆ ಅಂದರೆ ನನಗೆ ಮೈಯೆಲ್ಲ ಉರಿಯುತ್ತದೆ. ಬಳ್ಳಾರಿಯ ರಸ್ತೆಗಳಲ್ಲಿ ಬರೀ ಅದಿರಿನ ಲಾರಿಗಳೇ ಓಡುತ್ತಿದ್ದ 2007ರಲ್ಲಿ, ಕುರುಗೋಡು ರಸ್ತೆಯ ಒಂದು ಯಾರ್ಡಿಗೆ ತೂಕದ ಪ್ರೋಗ್ರಾಂ ಬರೆದವಳು ನಾನು, ಸಿರುಗುಪ್ಪದ ಅಸ್ಮಾ.

ಒಂದೇ ಕಂಪ್ಯೂಟರಿನಲ್ಲಿ ಎರಡು ಪ್ರೋಗ್ರಾಂ. ಒಂದು ಲಾರಿಯ ತೂಕ ಓದುತ್ತದೆ, ಇನ್ನೊಂದು ಚೀಟಿ ಅಚ್ಚು ಹಾಕುತ್ತದೆ. ತೂಕ ಅದರಿಂದ ಇದಕ್ಕೆ ದಾಟಲು ನಡುವೆ ನೇಮ್ಡ್ ಪೈಪ್ ಅನ್ನುವ, ಕಣ್ಣಿಗೆ ಕಾಣದ ಕೊಳವೆಯೊಂದನ್ನು ಇಟ್ಟಿದ್ದೆ. ಈ ತುದಿಯಲ್ಲಿ ಹಾಕಿದ್ದು ಆ ತುದಿಯಲ್ಲಿ ಬರುತ್ತದೆ, ಅಷ್ಟೇ.

ಆದರೆ ದಿನಾ ಮಧ್ಯಾಹ್ನ ತೂಕ ನಿಂತುಬಿಡುತ್ತಿತ್ತು. ಒಳಗೆ ಬರುವ ಖಾಲಿ ಲಾರಿಗಳು ಗೇಟಿನಾಚೆಗೂ ಸಾಲುಗಟ್ಟುತ್ತಿದ್ದವು. ಮ್ಯಾನೇಜರ್ ಮರಿಬಸಪ್ಪ ಕರೆಸಿದ. ಹೋಗಿ ನೋಡಿದರೆ, ಚೀಟಿ ಕೊಡುವ ಚಾಂದಸಾಬ್ ನಮಾಜಿಗೆ ಹೋಗುವಾಗ ಚೀಟಿಯ ಪ್ರೋಗ್ರಾಂ ಬಂದ್ ಮಾಡಿ ಹೋಗುತ್ತಿದ್ದರು. ಆ ತುದಿ ತೆರೆಯುವವರಿಲ್ಲದೆ ತೂಕದ ಪ್ರೋಗ್ರಾಂ ಕಾಯುತ್ತ ನಿಂತಿತ್ತು.

"ಪ್ರೋಗ್ರಾಂ ಸರಿ ಐತ್ರಿ. ಇವ್ರು ಬಂದ್ ಮಾಡಿದ್ದೇ ತಪ್ಪು" ಅಂದೆ, ಗೆದ್ದವಳ ಹಾಗೆ.

"ಹಂಗಾದ್ರ ಕುರ್ಚಿ ಬಿಟ್ಟು ಏಳಬ್ಯಾಡ್ರಿ ಚಾಂದಸಾಬ್. ಆಗಲಿಲ್ಲಂದ್ರ ಕೆಲಸ ಬಿಡ್ರಿ" ಅಂದ ಮರಿಬಸಪ್ಪ.

ಚಾಂದಸಾಬ್ ನನ್ನ ಕಡೆ ತಿರುಗಿದರು. "ಸಿರುಗುಪ್ಪದ ರೈಸ್ ಮಿಲ್ಲಿನಾಗ ಇಪ್ಪತ್ತು ವರ್ಷ ಇದ್ದೆ ಬೇಟಿ. ಓಡೋ ಮಿಷನ್ ಬಿಟ್ಟು ಹೋಗಬಾರ್ದು ಅಂತ ಕಲಿಸ್ಯಾರ. ಹಂಗ ಬಿಟ್ಟು ಹೋಗಿ ಒಬ್ಬನ ಕೈ ಹೋಗಿದ್ದು ಕಣ್ಣಾರೆ ನೋಡೀನಿ."

ನನಗೆ ನಾಚಿಕೆಯಾಯಿತು. ಮನುಷ್ಯ ಅರ್ಧ ಗಂಟೆ ಎದ್ದು ಹೋದರೆ ಕೆಡುವಂಥದ್ದನ್ನು ಬರೆದವಳು ನಾನು, ಕೆಲಸ ಹೋಗುವುದು ಅವರದ್ದು.

"ತಪ್ಪು ನಂದ್ರಿ" ಅಂದೆ. ಹುಟ್ಟಿದ ಮೇಲೆ ಆ ಮಾತು ಆಡಿದ್ದು ಅದೇ ಮೊದಲು. "ನಾಳಿ ಮತ್ತ ನಿಂತ್ರ ನನ್ನ ಪ್ರೋಗ್ರಾಂ ಕಿತ್ತು ಹಾಕ್ರಿ, ಇವ್ರನ್ನ ಅಲ್ಲ."

ಬರೆಯುವ ತುದಿಯನ್ನು ನಾನ್-ಬ್ಲಾಕಿಂಗ್ ಮಾಡಿದೆ. ಆ ಕಡೆ ಯಾರೂ ಇಲ್ಲದಿದ್ದರೆ ಪೈಪು ಕಾಯಿಸದೆ ತಕ್ಷಣ ಹೇಳಿಬಿಡುತ್ತದೆ. ಆಗ ತೂಕವನ್ನು ಫೈಲಿನಲ್ಲಿಟ್ಟು ಮುಂದಿನ ಲಾರಿಯನ್ನು ಕರೆಯಬಹುದು. ಆ ಕಡೆ ತೆರೆದೊಡನೆ ಇಟ್ಟದ್ದೆಲ್ಲ ಸಾಲಾಗಿ ಹೋಗುತ್ತದೆ.

ಮರುದಿನ ಅಜಾನ್ ಕೇಳಿದರೂ ಚಾಂದಸಾಬ್ ಏಳಲಿಲ್ಲ.

"ಹೋಗ್ರಿ ಚಾಚಾ. ಬಂದ್ ಮಾಡೇ ಹೋಗ್ರಿ" ಅಂದೆ.

ಅವರು ಬರುವಷ್ಟರಲ್ಲಿ ಹದಿನೇಳು ಲಾರಿ ತೂಕವಾಗಿ ಒಳಗೆ ಹೋಗಿದ್ದವು. ಪ್ರೋಗ್ರಾಂ ತೆರೆದದ್ದೇ ತಡ, ಹದಿನೇಳು ಚೀಟಿ ಒಂದರ ಹಿಂದೊಂದು ಅಚ್ಚಾದವು. ಮರಿಬಸಪ್ಪ ಚೀಟಿಗಳನ್ನು ಎಣಿಸಿ ನೋಡಿ ಹೊರಗೆ ಹೋದ. ಖುಷಿಗೆ ನನ್ನ ಕಣ್ಣು ತುಂಬಿತು.

ಚಾಂದಸಾಬ್ ಪ್ರಿಂಟರಿನಿಂದ ಒಂದು ಚೀಟಿ ಹರಿದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದರು.

"ಇಷ್ಟೆಲ್ಲ ಮಾಡಿ ಇದ್ರಾಗ ನಿನ್ನ ಹೆಸರೇ ಇಲ್ಲಲ್ಲ ಬೇಟಿ?"

ಅಂದಿನಿಂದ ಆ ಯಾರ್ಡಿನ ಪ್ರತಿ ಚೀಟಿಯ ಅಡಿಯಲ್ಲಿ ಎರಡು ಹೆಸರು ಅಚ್ಚಾಗುತ್ತಿದ್ದವು. ಮೊದಲು ಅವರದು, ಆಮೇಲೆ ನನ್ನದು.