ಸೋಮವಾರದ ನೊಗ

ನಮ್ಮೂರಿನಲ್ಲಿ ಸೋಮವಾರ ಯಾವ ಎತ್ತಿನ ಹೆಗಲ ಮೇಲೂ ನೊಗ ಇಡುವಂತಿಲ್ಲ. ಅದು ಬಸವಣ್ಣನ ವಾರ. ನೇಗಿಲಿಲ್ಲ, ಗಾಡಿಯಿಲ್ಲ, ಕಣದ ಕೆಲಸವಿಲ್ಲ. ಬೆಳಿಗ್ಗೆ ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಮುಂದೆ ಹುಲ್ಲು ಹಾಕಿದರೆ ಸಂಜೆಯವರೆಗೆ ಎತ್ತು ಮೆಲುಕು ಹಾಕುತ್ತ ಮಲಗಿರಬಹುದು. ಈ ನೇಮದ ಮೇಲೆ ನನಗೇನೂ ಸಿಟ್ಟಿಲ್ಲ. ಮೂಕ ಪ್ರಾಣಿ, ವಾರಕ್ಕೊಂದು ದಿನ ಮಲಗಲಿ. ಆ ದಿನ ಎತ್ತಿನ ಜಾಗಕ್ಕೆ ನನ್ನ ಗಂಡನನ್ನು ಕಟ್ಟುತ್ತಿದ್ದರಲ್ಲ, ನನ್ನ ಸಿಟ್ಟೆಲ್ಲ ಅದಕ್ಕೆ.

ನನ್ನ ಗಂಡ ಜವರಪ್ಪ ದೊರೆಯ ಕಾಫಿ ಎಸ್ಟೇಟಿನ ಪಲ್ಪರ್ ಮನೆಯಲ್ಲಿ ಪಾಳಿ ಆಳು. ಒಂದು ವಾರ ಹಗಲು ಪಾಳಿ, ಒಂದು ವಾರ ರಾತ್ರಿ ಪಾಳಿ. ಹಗಲಾದರೆ ತೊಟ್ಟಿಯ ತಣ್ಣೀರಿನಲ್ಲಿ ನಿಂತು ಕಾಫಿ ಬೀಜ ತೊಳೆಯಬೇಕು. ರಾತ್ರಿಯಾದರೆ ಅಂದು ಕೊಯ್ದ ಹಣ್ಣನ್ನೆಲ್ಲ ಪಲ್ಪರಿಗೆ ಸುರಿದು, ಬೆಳಗಾಗುವುದರೊಳಗೆ ಸಿಪ್ಪೆ ಬಿಡಿಸಿ ಮುಗಿಸಬೇಕು. ಸೋಮವಾರ ಸೋಮವಾರಪೇಟೆಯ ಸಂತೆ. ಲೈನಿನ ಸಾಲುಮನೆಗಳ ಜನವೆಲ್ಲ ಸಂತೆಗೆ ಹೋಗುವುದರಿಂದ ಹಣ್ಣು ಕೊಯ್ಯುವ ಪಿಕಿಂಗ್ ಇಲ್ಲ, ಪಲ್ಪರ್ ತಿರುಗುವುದಿಲ್ಲ, ಇವರಿಗೂ ರಜ. ವಾರಕ್ಕೆ ಸಿಗುತ್ತಿದ್ದದ್ದು ಅದೊಂದೇ ರಜ.

ಉಳಿದ ಆಳುಗಳು ರಜದ ದಿನ ಮಲಗುತ್ತಿದ್ದರು, ಇಲ್ಲವೇ ಸಾರಾಯಿ ಅಂಗಡಿಯ ಕಡೆ ಕಾಲು ಹಾಕುತ್ತಿದ್ದರು. ಇವರು ಪಲ್ಪರ್ ಮನೆಯ ಹುಳಿವಾಸನೆ ಮೈಯಿಂದ ಹೋಗುವ ಮೊದಲೇ ಮಹದೇವಪ್ಪನ ಕಣಕ್ಕೆ ಓಡುತ್ತಿದ್ದರು.

ಮಹದೇವಪ್ಪ ಇವರ ದೊಡ್ಡಪ್ಪನ ಮಗ. ಎದುರಿಗೆ ಭಾವ ಎನ್ನುತ್ತೇನೆ, ಬಹುವಚನವನ್ನೂ ಕೊಡುತ್ತೇನೆ. ಇಲ್ಲಿ ಯಾರ ಹೆದರಿಕೆ? ಹಣೆ ತುಂಬ ವಿಭೂತಿ, ಹೊಟ್ಟೆ ತುಂಬ ಆಸೆ, ಅಂಥ ಮನುಷ್ಯ ಅವನು. ಕೊಟ್ಟಿಗೆಯಲ್ಲಿ ಮೂರು ಜೋಡಿ ಎತ್ತು. ರಾಗಿ ಒಕ್ಕಣೆ ಶುರುವಾದರೆ ಒಂದು ದಿನ ಸುಮ್ಮನೆ ಬಿಡಲು ಅವನಿಗೆ ಜೀವ ಒಪ್ಪದು, ನೇಮ ಮುರಿಯಲು ಧೈರ್ಯ ಸಾಲದು. ಅದಕ್ಕೆ ಸೋಮವಾರ ರೋಣಗಲ್ಲಿಗೆ ಮನುಷ್ಯರನ್ನು ಕಟ್ಟುತ್ತಿದ್ದ. ಕಣದಲ್ಲಿ ಹರಡಿದ ತೆನೆಯ ಮೇಲೆ ಎತ್ತುಗಳು ಉರುಳಿಸುವ ಕಲ್ಲು ಅದು. ಇಬ್ಬರು ಗಂಡಸರು ಎದೆಗೆ ಗೋಣಿಚೀಲ ಸುತ್ತಿಕೊಂಡು, ಅದರ ಮೇಲೆ ಹಗ್ಗ ಹಾಕಿಕೊಂಡು ಸುತ್ತು ಬರಬೇಕು. ಕೂಲಿಗೆ ರಾಗಿ.

"ಎತ್ತಿಗೆ ರಜ ಕಣ್ಲಾ ಜವರ, ನಿಂಗ್ಯಾವ ರಜ?" ಎಂದು ಅವನು ಕಣದ ಬದುವಿನಲ್ಲಿ ಕೂತು ಎಲೆಅಡಿಕೆ ಜಗಿಯುತ್ತ ಹೇಳುವನು. "ಬಲಕ್ಕೆ ತಿರುಗ್ಲಾ, ಬಲಕ್ಕೆ. ನನ್ನ ಎತ್ತುಗಳಾಗಿದ್ರೆ ಹೇಳದೇ ಬೇಕಿರ್ಲಿಲ್ಲ."

ಇವರು ಹಲ್ಲು ಬಿಡುತ್ತಿದ್ದರು. ಆ ಹಲ್ಲು ಬಿಡುವುದನ್ನು ಕಂಡರೆ ನನಗೆ ಮಹದೇವಪ್ಪನಿಗಿಂತ ಇವರ ಮೇಲೆಯೇ ಹೆಚ್ಚು ಉರಿಯುತ್ತಿತ್ತು. ಒಕ್ಕಣೆ ಮುಗಿದ ಮೇಲೂ ಸೋಮವಾರಕ್ಕೆ ಬಿಡುವಿರಲಿಲ್ಲ. ಗಾಡಿ ಹೂಡದ ದಿನ ಯಾರ ಮೂಟೆಯಾದರೂ ಸಂತೆಗೆ ಹೋಗಬೇಕೆಂದರೆ ಅದು ಇವರ ತಲೆಯ ಮೇಲೆಯೇ ಹೋಗಬೇಕು. ಹೋಗುವಾಗ ಮೆಣಸಿನ ಮೂಟೆ, ಬರುವಾಗ ಉಪ್ಪಿನ ಮೂಟೆ. ಮನೆಗೆ ಬಂದು ಗೋಡೆಗೊರಗಿದರೆ ಮುದ್ದೆ ಬಾಯಿಗೆ ಹೋಗುವ ಮೊದಲೇ ಕಣ್ಣು ಮುಚ್ಚುತ್ತಿತ್ತು.

ಇಷ್ಟೆಲ್ಲ ಯಾಕೆ ಅಂದರೆ, ಒಂದು ಎತ್ತಿಗಾಗಿ. ಒಂದು ಎತ್ತು, ಒಂದು ಹಳೆಯ ಒಂಟೆತ್ತಿನ ಗಾಡಿ. ಶನಿವಾರಸಂತೆ ಊರಿನ ಸಂತೆಗೆ ನಮ್ಮ ಕಡೆಯಿಂದ ಮೂಟೆ ಸಾಗಿಸುವವರು ಕಡಿಮೆ. ರಜದ ದಿನ ಗಾಡಿ ಹೊಡೆದರೆ ಸಾಕು, ಯಾರ ಕಣದಲ್ಲೂ ಎದೆಗೆ ಹಗ್ಗ ಹಾಕಿಕೊಳ್ಳಬೇಕಾಗಿಲ್ಲ ಎಂಬುದು ಇವರ ಲೆಕ್ಕ. ಆದರೆ ಇವರ ರಜ ಸೋಮವಾರ, ಸಂತೆ ಶನಿವಾರ. ಅದನ್ನು ಎಸ್ಟೇಟಿನ ರೈಟರ್ ಬೆಳ್ಳಿಯಪ್ಪನ ಹತ್ತಿರ ಹೇಳಿಕೊಂಡರು. ಆಳುಗಳ ಪಾಳಿ ಬರೆಯುವವನು ಅವನೇ.

"ನೀನು ಮೊದಲು ಎತ್ತು ತಾ ಮಾರಾಯ" ಎಂದಿದ್ದನಂತೆ ಬೆಳ್ಳಿಯಪ್ಪ. "ರಜ ಶನಿವಾರಕ್ಕೆ ಹಾಕಿಕೊಡುವ. ಸೋಮವಾರ ತೊಟ್ಟಿ ತಿಕ್ಕಲಿಕ್ಕೆ ಹೇಗೂ ಒಬ್ಬ ಬೇಕು."

ಆ ಒಂದು ಮಾತನ್ನು ನಂಬಿ ಇವರು ಎರಡು ಒಕ್ಕಣೆ ಕಳೆದರು. ಹಬ್ಬಕ್ಕೊಮ್ಮೆ ಕೂಲಿ ರಾಗಿ ಕೊಟ್ಟು ತಂದ ಬೆಣ್ಣೆಯನ್ನು ನಾನು ಕಾಯಿಸದೆ ಹಾಗೇ ಬಾಳೆಲೆಯಲ್ಲಿ ಸುತ್ತಿ ರೈಟರ ಮನೆಗೆ ಕಳುಹಿಸಿದೆ. ಮೂರನೆಯ ದೀಪಾವಳಿ ಕಳೆದ ಮೇಲೆ ಕೊಡ್ಲಿಪೇಟೆಯ ಕಡೆಯಿಂದ ಹಳೆಯ ಗಾಡಿಯ ಜೊತೆ ಎತ್ತು ಬಂತು. ಕೆಂಪು ಮೈ, ಗಿಡ್ಡ ಕೊಂಬು. ಇವರು ಕೆಂದ ಎಂದು ಹೆಸರಿಟ್ಟರು. ಬಂದ ದಿನ ರಾತ್ರಿ ಪಾಳಿಗೆ ಹೋಗುವ ಮೊದಲು ಅದರ ಗಂಗೆದೊಗಲು ಸವರುತ್ತ ಎಷ್ಟು ಹೊತ್ತು ನಿಂತಿದ್ದರೆಂದರೆ, ನನ್ನ ಮದುವೆಯ ದಿನವೂ ನನ್ನನ್ನು ಹಾಗೆ ನೋಡಿರಲಿಲ್ಲ. ಹೊಟ್ಟೆಕಿಚ್ಚಾಯಿತು, ಸುಳ್ಳು ಯಾಕೆ ಹೇಳಲಿ.

ಮರುದಿನ ಆಫೀಸಿಗೆ ಹೋಗುವಾಗ ನಾನೂ ಜೊತೆಗೆ ಹೊರಟೆ. ಬೆಳ್ಳಿಯಪ್ಪ ಮೇಜಿನ ಹಿಂದಿನಿಂದ ತಲೆ ಎತ್ತಲಿಲ್ಲ.

"ಶನಿವಾರ ರಾಶಿ ಹಣ್ಣು ಬೀಳುವ ದಿನ" ಎಂದ. "ನೀನು ರಜ ಹೋದರೆ ಪಲ್ಪರ್ ತಿರುಗಿಸುವುದು ಯಾರು, ನಾನಾ?"

"ತಾವೇ ಹೇಳಿದ್ರಲ್ಲ ಸ್ವಾಮಿ, ಎತ್ತು ತಾ ಅಂತ" ಎಂದರು ಇವರು.

"ಹೇಳಿದ್ದೆ. ನೀನು ತಂದೇ ತರುತ್ತಿ ಅಂತ ಯಾರು ಗ್ರಹಿಸಿದ್ದು?"

 ನನಗೆ ತಡೆಯಲಾಗಲಿಲ್ಲ.

"ಬೆಣ್ಣೆ ಇಸ್ಕೊಳುವಾಗ ಈ ಮಾತು ಇರ್ಲಿಲ್ವಲ್ಲ ಸ್ವಾಮಿ?" ಎಂದೆ.

"ಜವರಪ್ಪ, ನಿನ್ನ ಹೆಂಡತಿಯನ್ನು ಆಚೆ ಕರಕೊಂಡು ಹೋಗು" ಎಂದ ಬೆಳ್ಳಿಯಪ್ಪ. ಈಗ ತಲೆ ಎತ್ತಿದ, ಮೀಸೆಯಡಿ ನಗುವಿತ್ತು. "ನಿನಗೆ ಸೋಮವಾರ ರಜ ಉಂಟು. ಸೋಮವಾರಪೇಟೆಯಲ್ಲಿ ಸಂತೆ ಉಂಟು. ಮನೆಯಲ್ಲಿ ಎತ್ತು ಉಂಟು. ಹೂಡಲಿಕ್ಕೆ ಎಂಥ ಅಡ್ಡಿ?"

"ಸೋಮವಾರ ಹೂಡಂಗಿಲ್ಲ ಸ್ವಾಮಿ."

"ಹಾಗಾದರೆ ಅದು ನಿನ್ನ ದೇವರ ಹತ್ತಿರ ಮಾತಾಡು. ನನ್ನ ಹತ್ತಿರ ಬೇಡ."

ದಾರಿಯುದ್ದಕ್ಕೂ ನಾನು ಬೈದೆ. ರೈಟರನ್ನು ಬೈದು ಮುಗಿಸಿ ಇವರನ್ನು ಹಿಡಿದುಕೊಂಡೆ. ಶನಿವಾರ ನಾನೇ ಗಾಡಿ ಹೊಡೆಯುತ್ತೇನೆ ಎಂದೆ. ಹೆಂಗಸಿನ ಗಾಡಿಗೆ ಮೂಟೆ ಹೇರುವವರು ಯಾರು ಎಂದರು. ಎತ್ತನ್ನು ಬಾಡಿಗೆಗಾದರೂ ಕೊಡಿ ಎಂದೆ. ಬೇರೆಯವರ ಕೈಯ ಚಾಟಿಗೆ ಕೆಂದನನ್ನು ಕೊಡಲಾರೆ ಎಂದರು. ಎಲ್ಲದಕ್ಕೂ ಒಂದು ಉತ್ತರ ಸಿದ್ಧ, ದುಡಿಯಲು ಮಾತ್ರ ಇವರ ಎದೆಯೊಂದೇ.

ಹೀಗೆ ನಮ್ಮ ಮನೆಗೆ ಬಂದ ಎತ್ತು ನೆಂಟನಾಗಿ ಕೂತಿತು. ಆರು ದಿನ ಇವರಿಗೆ ಪಾಳಿ, ಎತ್ತಿಗೆ ಕೆಲಸವಿಲ್ಲ. ಏಳನೆಯ ದಿನ ಇವರಿಗೆ ರಜ, ಎತ್ತಿಗೂ ರಜ. ನಮಗೆ ಜಮೀನಿಲ್ಲ, ಎಸ್ಟೇಟಿನೊಳಗೆ ದನ ಮೇಯಿಸುವಂತಿಲ್ಲ, ಬೇಸಿಗೆ ಹತ್ತಿರ ಬಂದು ಹೊರಗೆ ಹಸಿರು ಒಣಗುತ್ತಿತ್ತು. ಹುಲ್ಲು ಇದ್ದದ್ದು ಮಹದೇವಪ್ಪನ ಬಣವೆಯಲ್ಲಿ. ಇವರು ಮತ್ತೆ ಅಲ್ಲಿಗೇ ಹೋದರು. ಮೊದಲು ಎತ್ತು ತರುವುದಕ್ಕೆ ಕಲ್ಲು ಎಳೆದರು, ಈಗ ಎತ್ತು ಸಾಕುವುದಕ್ಕೆ ಎಳೆದರು. ಕೂಲಿ ರಾಗಿಯ ಬದಲು ರಾಗಿ ಹುಲ್ಲಾಯಿತು.

"ಹುಲ್ಲಿಗೆ ದುಡಿಯೋ ಮಟ್ಟಕ್ಕೆ ಬಂದ್ಯಲ್ಲೋ" ಎಂದು ಮಹದೇವಪ್ಪ ಊರ ಮುಂದೆ ನಕ್ಕ. ಜೊತೆಗೆ ನಾಲ್ಕು ಜನ ನಕ್ಕರು. ಇವರೂ ಹಲ್ಲು ಬಿಟ್ಟರು.

ಸಂಕ್ರಾಂತಿ ಕಳೆದ ಒಂದು ಸೋಮವಾರ. ಇವರದು ರಾತ್ರಿ ಪಾಳಿ ಮುಗಿದಿತ್ತು, ಕಣ್ಣು ಕೆಂಪಗಾಗಿತ್ತು. ಜೊತೆಗೆ ಎಳೆಯುತ್ತಿದ್ದ ಲೈನಿನ ಆಳು ಜ್ವರ ಎಂದು ಬಂದಿರಲಿಲ್ಲ. ಬುತ್ತಿ ಹಿಡಿದು ನಾನು ಕಣಕ್ಕೆ ಹೋಗುವ ಹೊತ್ತಿಗೆ ಮೂಡಲ ದಿಕ್ಕು ಕಪ್ಪಾಗಿತ್ತು. ಆ ಕಾಲದಲ್ಲಿ ಮಳೆ ಯಾರೂ ಕಾಣದ್ದು. ಕಣದ ತುಂಬ ತೆನೆ ಹರಡಿದೆ, ಇವರೊಬ್ಬರೇ ಹಗ್ಗಕ್ಕೆ ಎದೆ ಕೊಟ್ಟು ಎಳೆಯುತ್ತಿದ್ದಾರೆ, ಕಲ್ಲು ಅಂಗುಲ ಅಂಗುಲ ತೆವಳುತ್ತಿದೆ. ಮಹದೇವಪ್ಪ ಮೋಡ ನೋಡಿದ, ಕಣ ನೋಡಿದ, ಆಮೇಲೆ ದನಿ ತಗ್ಗಿಸಿದ.

"ಜವರ, ನಿನ್ನ ಎತ್ತು ಹೊಡ್ಕೊಂಡು ಬಾ. ಕಲ್ಲಿಗೆ ಕಟ್ಟು."

"ಸೋಮವಾರ ಕಣಣ್ಣ" ಎಂದರು ಇವರು.

"ನಂಗೊತ್ತಿಲ್ವಾ? ಮಳೆ ಬತ್ತೈತೆ."

"ನಿಮ್ಮ ಮೂರು ಜೋಡಿ ಅಲ್ಲೇ ಮಲಗವಲ್ಲ ಭಾವ" ಎಂದೆ ನಾನು. "ಅವನ್ನೇ ಕಟ್ಟಿ."

"ನನ್ನ ಎತ್ತುಗಳನ್ನಾ? ಮನೆತನದ ನೇಮ ನಂದು. ನಾಲ್ಗೆ ಬಿಗಿಹಿಡಿದು ಮಾತಾಡು." ಮತ್ತೆ ಇವರ ಕಡೆ ತಿರುಗಿದ. "ನೋಡ್ಲಾ, ನಾನು ಒಳಗೋಗಿ ಕದ ಹಾಕ್ಕೋತೀನಿ. ನಾನು ನೋಡ್ಲಿಲ್ಲ, ನೀನು ಹೇಳ್ಬೇಡ. ಮುಂದಿನ ಒಕ್ಕಣೆಗಂಟ ನಿನ್ನ ಎತ್ತಿಗೆ ಆಗೋಷ್ಟು ಹುಲ್ಲು ಇವತ್ತೇ ಹೇರ್ಕೊಂಡೋಗು."

ವರ್ಷದ ಹುಲ್ಲು! ಹುಲ್ಲಿದ್ದರೆ ಕೆಂದ ಉಳಿಯುತ್ತಾನೆ. ಅಷ್ಟರೊಳಗೆ ಬೆಳ್ಳಿಯಪ್ಪನ ಮನಸ್ಸು ತಿರುಗೀತು, ಇಲ್ಲವೇ ಬೇರೆ ರೈಟರ್ ಬಂದಾನು. ಸೋಮವಾರಗಳು ಇವರ ಎದೆಯ ಮೇಲಿಂದ ಇಳಿದಾವು. ಪಾಪ ಬಂದರೆ ನನಗೆ ಬರಲಿ, ಎಂದುಕೊಂಡೆ. ಇವರ ಹತ್ತಿರ ಹೋಗಿ ಪಿಸುಗುಟ್ಟಿದೆ.

"ಕಟ್ಟಿ. ಒಂದೇ ಒಂದು ದಿನ. ನಾನೇ ಹೊಡ್ಕೊಂಡು ಬತ್ತೀನಿ."

ಇವರು ಹಗ್ಗ ಬಿಚ್ಚಲಿಲ್ಲ. ಗೋಣಿಚೀಲ ಜಾರಿತ್ತು, ಎದೆಯ ಮೇಲೆ ಬರೆ ಎದ್ದಿತ್ತು.

"ಅವನಿಗೆ ವಾರಕ್ಕಿರಾದು ಒಂದೇ ದಿನ ಕಣೆ ಚನ್ನಬಸಮ್ಮ" ಎಂದರು. "ಅದನ್ನೂ ಕಿತ್ಕೊಂಡ್ರೆ ಹೆಂಗಿರ್ತದೆ ಅಂತ ನಂಗೊತ್ತು."

ಆಮೇಲೆ ಮಹದೇವಪ್ಪನಿಗೆ ಕೇಳುವ ಹಾಗೆ ಹೇಳಿದರು: "ಅಣ್ಣ, ನನ್ನ ಎಷ್ಟೊತ್ತು ಬೇಕಾದ್ರೂ ಕಟ್ಟು. ಅದನ್ನ ಕಟ್ಟಲ್ಲ." ಈ ಸಲ ಹಲ್ಲು ಬಿಡಲಿಲ್ಲ.

ಹೇಳಿ ಮತ್ತೆ ಎಳೆಯತೊಡಗಿದರು. ಒಂದು ಸುತ್ತು ಮುಗಿಯುವ ಮೊದಲೇ ಮಳೆ ಹೊಡೆಯಿತು. ಕಂಬಳಿ, ಚಾಪೆ, ಮೊರ, ಏನು ಸಿಕ್ಕಿತೋ ಅದನ್ನು ಹಿಡಿದು ಮಹದೇವಪ್ಪನ ಮನೆಯವರೆಲ್ಲ ಓಡಿಬಂದರು. ಇವರೂ ಬಾಚಿದರು, ನಾನೂ ಬಾಚಿದೆ. ಅರ್ಧಕ್ಕರ್ಧ ನೆನೆದುಹೋಯಿತು. ಮಹದೇವಪ್ಪನ ಹಣೆಯ ವಿಭೂತಿ ಕರಗಿ ಮೂಗಿನ ಮೇಲೆ ಇಳಿಯುತ್ತಿತ್ತು.

"ನೇಮ ಕಲಿಸ್ತೀಯೇನ್ಲಾ ನಂಗೆ?" ಎಂದು ಕಿರುಚಿದ. "ನನ್ನ ಹುಲ್ಲು ತಿಂದು ನಂಗೇ ನೇಮ ಹೇಳ್ತೀಯಾ? ನಾಳಿಂದ ಒಂದೆಳೆ ಮುಟ್ಟಿದ್ರೆ ಕೈ ಮುರೀತೀನಿ!"

ಇವರು ಹಗ್ಗವನ್ನು ಸುತ್ತಿ ಕಲ್ಲಿನ ಮೇಲಿಟ್ಟರು. ಮನೆಗೆ ಬಂದ ಮೇಲೆ ನಾನು ಇವರೊಂದಿಗೆ ಮಾತು ಬಿಟ್ಟೆ. ಅನ್ನಿಸಿದ್ದನ್ನು ಆಡಿದ್ದರೆ ಈ ಜನ್ಮದಲ್ಲಿ ಮತ್ತೆ ಮುಖ ನೋಡುವ ಹಾಗಿರುತ್ತಿರಲಿಲ್ಲ.

ಆ ವಾರವೆಲ್ಲ ಪಾಳಿ ಬಿಟ್ಟ ಮೇಲೆ ಹಳ್ಳದ ಅಂಚು, ರಸ್ತೆಯ ಬದಿ ಅಲೆದು ಇವರು ಹುಲ್ಲು ಕಿತ್ತು ತಂದರು. ಒಂದು ಹೊರೆಯೂ ಆಗುತ್ತಿರಲಿಲ್ಲ. ಕೆಂದನ ಪಕ್ಕೆಲುಬು ಕಾಣಿಸಿತು. ಭಾನುವಾರ ರಾತ್ರಿ ನನ್ನ ಮುಖ ನೋಡದೆ, "ನಾಳೆ ಸಂತೆಗೆ ಹೊಡ್ಕೊಂಡೋಗ್ತೀನಿ" ಎಂದರು. ಎಲ್ಲರ ಮೂಟೆ ಹೊತ್ತು ಹೋಗುತ್ತಿದ್ದ ಅದೇ ಸಂತೆಗೆ.

ಬೆಳಿಗ್ಗೆ ಎತ್ತಿನ ಮೈ ತೊಳೆದು ವಿಭೂತಿ ಹಚ್ಚಿದರು. ಮಧ್ಯಾಹ್ನ ಒಬ್ಬರೇ ತಿರುಗಿ ಬಂದರು. ಕೊಂಡವನು ಬಾಣಾವರದ ಕಡೆಯ ಬೇಸಾಯಗಾರನಂತೆ. ದಲ್ಲಾಳಿ ಟವೆಲಿನ ಕೆಳಗೆ ಬೆರಳು ಹಿಡಿದು ವ್ಯಾಪಾರ ಕುದುರಿಸುವಾಗ ಆತ ಕೇಳಿದ್ದು ಒಂದೇ ಮಾತಂತೆ, "ಸೋಮವಾರ ಹೂಡಿಲ್ಲ ತಾನೆ?"

"ಇಲ್ಲ ಅಂದೆ" ಎಂದರು ಇವರು. ದುಡ್ಡಿನ ಗಂಟನ್ನು ನನ್ನ ಮಡಿಲಿಗೆ ಹಾಕಿ, ನೀರು ಕುಡಿದು, ಕೊಟ್ಟಿಗೆಗೆ ಹೋದರು. ಸ್ವಲ್ಪ ಹೊತ್ತಾದರೂ ಸದ್ದಿಲ್ಲ. ಹೋಗಿ ನೋಡಿದರೆ ಕೆಂದ ಮಲಗುತ್ತಿದ್ದ ಜಾಗದಲ್ಲಿ, ಅವನು ತಿಂದುಳಿಸಿದ ಹುಲ್ಲಿನ ಮೇಲೆ ಕೈಕಾಲು ಚೆಲ್ಲಿ ನಿದ್ದೆ ಹೋಗಿದ್ದರು. ಸೋಮವಾರದ ಹಗಲಿನಲ್ಲಿ ಇವರು ನಿದ್ದೆ ಮಾಡಿದ್ದನ್ನು ನಾನು ಕಂಡದ್ದು ಅದೇ ಮೊದಲು. ಒಂದು ವಾರ ಹೊಟ್ಟೆಯಲ್ಲಿ ಕಟ್ಟಿಟ್ಟ ಬೈಗುಳವೆಲ್ಲ ಎಲ್ಲಿ ಹೋಯಿತೋ ತಿಳಿಯಲಿಲ್ಲ. ಅಳು ಬಂತು. ಕಂಬಳಿ ತಂದು ಹೊದಿಸಿದೆ.

ಆಗಲೇ ಅಂಗಳದಲ್ಲಿ ಕೆಮ್ಮಿದ ಸದ್ದಾಯಿತು. ನೆನೆದ ರಾಗಿ ಒಣಗಿತ್ತು, ಕಲ್ಲು ಉರುಳಬೇಕಿತ್ತು, ಮಹದೇವಪ್ಪ ತಾನೇ ಬಂದು ನಿಂತಿದ್ದ.

"ಎಲ್ಲವ್ನೆ ಅವ್ನು?"

"ಕೊಟ್ಟಿಗೇಲವ್ರೆ."

"ಎತ್ತು ಮಾರಿದ್ನಂತಲ್ಲ, ಕೊಟ್ಟಿಗೇಲೇನು ಕೆಲಸ? ಕಣಕ್ಕೆ ಬರಕ್ಕೇಳು. ಆವತ್ತಿಂದು ಮರೆತಿದೀನಿ ಅನ್ನು. ಹುಲ್ಲು ಬ್ಯಾಡ, ರಾಗೀನೇ ಕೊಡ್ತೀನಿ."

ನಾನು ಕೊಟ್ಟಿಗೆಯ ಬಾಗಿಲಿಗೆ ಅಡ್ಡ ನಿಂತೆ.

"ಏಳಲ್ಲ ಭಾವ" ಎಂದೆ. "ಸೋಮವಾರ ಅಲ್ವಾ? ನಮ್ಮನೆ ಎತ್ತು ಮಲಗೈತೆ."

ಅವನು ನನ್ನ ಹೆಗಲ ಮೇಲಿಂದ ಒಳಗೆ ಇಣುಕಿ ನೋಡಿದ, ಕಂಬಳಿಯಡಿಯ ಕಾಲುಗಳನ್ನು ಕಂಡ. ಆಮೇಲೆ ಊರಿಗೆಲ್ಲ ಕೇಳುವ ಹಾಗೆ ಬೈಯುತ್ತ ಹೋದ. ಸದ್ದಿಗೆ ಇವರು ಎಚ್ಚರವಾದಾರೆಂದು ನಾನು ಬಾಗಿಲು ಮುಚ್ಚಿಕೊಂಡು ಅಲ್ಲೇ ಹೊಸ್ತಿಲ ಮೇಲೆ ಕೂತೆ.